ನೋವಿಲ್ಲದ ಬೇನೆ
ಮೊಣಕಾಲು ನೋವೆಂದು ನಾವು ನಮ್ಮ ಓಣಿಯ ವೈದ್ಯರಲ್ಲಿಗೆ ಹೋಗಿದ್ದೆವು. ಅವರು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನೂ ಅಳೆದರು: 170/100. ನಮಗೋ ತಲೆನೋವಿಲ್ಲ, ಆಯಾಸವಿಲ್ಲ. ಎರಡು ತಿಂಗಳು ಗುಳಿಗೆ ಸೇವಿಸಿ, ಗುಣವಾಯಿತೆಂದು ನಾವೇ ನಿಲ್ಲಿಸಿದೆವು.

ಒಂದು ಮುಂಜಾನೆ ಬಲಗೈ ಜೋಮು ಹಿಡಿದು, ಓದುತ್ತಿದ್ದ ಗ್ರಂಥ ಜಾರಿತು, ನಾಲಿಗೆ ತೊದಲಿತು. ಕಾಲು ಗಂಟೆಯಲ್ಲಿ ಸರಿಹೋಯಿತಾದರೂ ವೈದ್ಯರು, ‘ಇದು ಪಾರ್ಶ್ವವಾಯುವಿನ ಮುನ್ಸೂಚನೆ’ ಎಂದು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು.

ಮರಳಿದ ಮೇಲೆ ಅವರು ಗದರಲಿಲ್ಲ. ‘ಗುರುಗಳೇ, ಈ ಒತ್ತಡ ನೋವು ತೋರದೆ ಏರುತ್ತದೆ. ಗುಳಿಗೆಯಿಂದ ಹತೋಟಿಯಲ್ಲಿರುತ್ತದೆ, ನೀವಾಗಿ ಬಿಡಬೇಡಿ. ಉಪ್ಪಿನಕಾಯಿ, ಹಪ್ಪಳ ಸೇರಿ ದಿನದ ಉಪ್ಪು 5 ಗ್ರಾಂ, ಒಂದು ಚಹಾ ಚಮಚ ಮೀರದಿರಲಿ’ ಎಂದರು.

ಊರಿಗೆಲ್ಲ ಬುದ್ಧಿ ಹೇಳುವ ನಾವು ಅಂದು ಕೇಳುವುದನ್ನು ಕಲಿತೆವು. ಶರಣ ಬಂಧುಗಳೇ, ಸೌಖ್ಯವಿದ್ದಾಗಲೇ ಒಮ್ಮೆ ತೋಳು ನೀಡಿರಿ.