ಮೊದಲ ಕೂಸಿಗೆ ಎಂಥ ಬಂಡಿ?

ತಳ್ಳುಗಾಡಿ ಎಂದರೆ ನಮ್ಮ ಕಡೆ ಯಾರ ಕಣ್ಣೆದುರಿಗೂ ಕೂಸು ಬರುವುದಿಲ್ಲ. ಬಾಳೆಹಣ್ಣು ಬರುತ್ತದೆ, ಮಿರ್ಚಿ ಭಜಿ ಬರುತ್ತದೆ. ಮನೆಯ ದಖನಿ ಮಾತಿನಲ್ಲಿ 'ಬಂಡಿ' ಎಂದರೂ ಅದೇ. ಹೀಗಾಗಿ ಶಾರ್ಜಾದಲ್ಲಿ ಕೆಲಸಕ್ಕಿರುವ ಛೋಟೇ ಮಾಮೂ ಫೋನಿನಲ್ಲಿ, "ಮಗುವಿಗೆ ಒಂದು ಬಂಡಿ ಕಳಿಸುತ್ತೇನೆ, ಎಂಥದು ಬೇಕು ಆರಿಸಿ ಹೇಳಿ" ಎಂದಾಗ ಪಡಸಾಲೆಯಲ್ಲಿ ಕುಳಿತಿದ್ದ ದಾದಿ, "ಕೂಸು ಈಗಿನಿಂದಲೇ ವ್ಯಾಪಾರಕ್ಕೆ ಹೊರಡಬೇಕೇನು?" ಎಂದು ಕೇಳಿದರು. ಎಲ್ಲರೂ ನಕ್ಕೆವು. ಆದರೆ ಎಂಥದು ಬೇಕು ಎಂದು ತೀರ್ಮಾನಿಸಲು ನಮಗೆ ಎರಡು ತಿಂಗಳು ಹಿಡಿಯಿತು.

ದುಬಲಗುಂಡಿ ಹುಮನಾಬಾದ್ ತಾಲೂಕಿನ ಒಂದು ಹೋಬಳಿ ಊರು. ನಮ್ಮಿಬ್ಬರಲ್ಲಿ ಒಬ್ಬರದು ಹುಮನಾಬಾದಿನ ಶಾಲೆಯೊಂದರಲ್ಲಿ ಪಾಠ ಹೇಳುವ ಕೆಲಸ, ಇನ್ನೊಬ್ಬರದು ಊರಲ್ಲೇ ಮೊಬೈಲ್ ರಿಪೇರಿಯ ಪುಟ್ಟ ಅಂಗಡಿ. ಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುವ ಅಮ್ಮಿ ಇದ್ದಾರೆ, ಎಪ್ಪತ್ತೈದು ದಾಟಿದ ದಾದಿ ಇದ್ದಾರೆ. ಮಗಳು ನಮ್ಮ ಮೊದಲ ಕೂಸು.

ಅವಳು ದಿನ ತುಂಬುವ ಮೊದಲೇ ಹುಟ್ಟಿದಳು. ತೂಕ 1,900 ಗ್ರಾಂ. ಎರಡೂವರೆ ಕಿಲೋಗಿಂತ ಕಡಿಮೆಯಿದ್ದರೆ ವೈದ್ಯರು ಕಡಿಮೆ ತೂಕದ ಶಿಶು ಎನ್ನುತ್ತಾರೆ. ಆಸ್ಪತ್ರೆಯಲ್ಲಿ ನರ್ಸಮ್ಮ ನಮಗೆ ಕಲಿಸಿದ ಮೊದಲ ವಿದ್ಯೆ 'ಕಾಂಗರೂ ಆರೈಕೆ'. ಕೂಸಿಗೆ ಟೊಪ್ಪಿಗೆ ಹಾಕಿ, ಬರಿಮೈಯಲ್ಲಿ ನಮ್ಮ ಎದೆಗೆ ಒರಗಿಸಿ, ಮೇಲೊಂದು ಬಟ್ಟೆ ಬಿಗಿದು ಗಂಟೆಗಟ್ಟಲೆ ಕೂರುವುದು. ತಾಯಿಗೆ ಹೊಟ್ಟೆಯ ಹೊಲಿಗೆ ಇನ್ನೂ ಹಸಿ. ಆದ್ದರಿಂದ ಅರ್ಧ ಪಾಳಿ ತಂದೆಯದು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾ ನಗರದ ಆಸ್ಪತ್ರೆಯೊಂದರಲ್ಲಿ ಶಾಖಪೆಟ್ಟಿಗೆಗಳು ಸಾಲದೆ ಬಂದಾಗ ಡಾ. ಎಡ್ಗರ್ ರೇ ಎಂಬವರು ಆರಂಭಿಸಿದ ಉಪಾಯವಿದು. ನಮ್ಮ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಟ್ಟಿಸುವ ಬಗ್ಗೆ ಅಧ್ಯಯನ ನಡೆದಿದೆ. ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದರೆ ತೀರಾ ಕಡಿಮೆ ತೂಕದ ಶಿಶುಗಳ ಸಾವು ಕಾಲು ಭಾಗದಷ್ಟು ಇಳಿಯುತ್ತದೆಂದು ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ತೋರಿಸಿತು.

ಹೀಗೆ ಎದೆಯ ಮೇಲೆಯೇ ಬೆಳೆದ ಕೂಸನ್ನು ಗಾಲಿಯ ಮೇಲೆ ಕೂರಿಸಬೇಕೇ ಎಂಬ ಅಳುಕು ನಮಗೆ ಇದ್ದೇ ಇತ್ತು. ಎತ್ತಿಕೊಂಡಷ್ಟೂ ಕೂಸು ಹಟಮಾರಿಯಾಗುತ್ತದೆ ಎನ್ನುವವರು ಊರಲ್ಲಿ ಬಹಳ. 1986ರಲ್ಲಿ ಮಾಂಟ್ರಿಯಲ್‌ನಲ್ಲಿ 99 ತಾಯಿ-ಮಕ್ಕಳ ಜೋಡಿಗಳನ್ನು ಎರಡು ಗುಂಪು ಮಾಡಿ ನೋಡಿದಾಗ ಕಂಡದ್ದು ಅದಕ್ಕೆ ವಿರುದ್ಧ. ಹೆಚ್ಚು ಹೊತ್ತು ಎತ್ತಿಕೊಂಡ ಕೂಸುಗಳು ಆರು ವಾರದ ವಯಸ್ಸಿನಲ್ಲಿ ಇತರ ಕೂಸುಗಳಿಗಿಂತ ನೂರಕ್ಕೆ 43ರಷ್ಟು ಕಡಿಮೆ ಅಳುತ್ತಿದ್ದವು. ಬಗಲಲ್ಲಿ ಕಾಲು ಅಗಲಿಸಿ ಕೂರುವ ನಮ್ಮ ಹಳೆಯ ಪದ್ಧತಿ ಕೂಸಿನ ಸೊಂಟದ ಕೀಲಿಗೂ ಒಳ್ಳೆಯದು. ಎರಡು ಕಾಲನ್ನೂ ನೆಟ್ಟಗೆ ಜೋಡಿಸಿ ಬಿಗಿಯಾಗಿ ಸುತ್ತಿಡುವುದನ್ನೇ ವೈದ್ಯರು ಬೇಡವೆನ್ನುವುದು.

ಹಾಗಾದರೆ ಬಂಡಿ ಯಾಕೆ? ಈ ಪ್ರಶ್ನೆಯನ್ನು ಪಕ್ಕದ ಮನೆಯ ಅವ್ವ ನೇರವಾಗಿಯೇ ಕೇಳಿದರು. "ಯಾಕ್ರೀ ತಂಗಿ, ಕೈಯಾಗ ಶಕ್ತಿ ಇಲ್ಲೇನ್ರೀ? ನಾವು ಬಗಲಾಗ ಕೂಸು, ತಲಿ ಮ್ಯಾಲ ಬುತ್ತಿ ಹೊತ್ಕೊಂಡು ಹೊಲಕ್ಕ ಹೋಗ್ತಿದ್ದಿವಿ. ಬೇವಿನ ಟೊಂಗಿಗೆ ಸೀರಿ ಕಟ್ಟಿ ಜೋಳಿಗಿ ಮಾಡಿ ಮಲಗಸ್ತಿದ್ದಿವಿ." ಅಷ್ಟು ಹೇಳಿ, ಕಟ್ಟೆಯಿಂದ ಏಳಲು ಹೋಗಿ, ಸೊಂಟ ಹಿಡಿದುಕೊಂಡು ಮತ್ತೆ ಕುಳಿತರು. "ಆ ನಡಾನೇ ಈಗ ನೆಟ್ಟಗಾಗವಲ್ದು ನೋಡ್ರಿ."

ಆ ಸೊಂಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೂಸನ್ನು ಎತ್ತಿಕೊಳ್ಳುವುದು ಪ್ರೀತಿ ಎಂದು ಎಲ್ಲರೂ ಹೇಳುತ್ತಾರೆ. ಯಾರ ತೋಳು, ದಿನಕ್ಕೆ ಎಷ್ಟು ಗಂಟೆ ಎಂದು ಕೇಳುವವರಿಲ್ಲ. ಮಗಳಿಗೆ ಏಳು ತಿಂಗಳಾಗುವಾಗ ತೂಕ ಆರೂವರೆ ಕಿಲೋ. ಶಸ್ತ್ರಚಿಕಿತ್ಸೆಯಾದ ತಾಯಿಗೆ ಬೆನ್ನುನೋವು. ದಿನವಿಡೀ ಯಂತ್ರ ತುಳಿದ ಅಮ್ಮಿಗೆ ಮೊಣಕಾಲು. ದಾದಿಯ ಕೈ ನಡುಗುತ್ತದೆ, ಅವರಿಗೆ ಕೂಸನ್ನು ಕೊಡಬೇಡಿ ಎಂದು ಬಂದವರೆಲ್ಲ ಹೇಳುತ್ತಿದ್ದರು. ದಾದಿ ಅದನ್ನು ಕೇಳಿಯೂ ಕೇಳದವರಂತೆ ಇರುತ್ತಿದ್ದರು. ಇನ್ನು ತಂದೆ ಕೂಸನ್ನು ಎತ್ತಿಕೊಂಡು ಬೀದಿಗೆ ಬಂದರೆ ಹೋಟೆಲಿನ ಬೆಂಚಿನಿಂದ ಒಂದು ಕೆಮ್ಮು, ಒಂದು ನಗೆ. ಪ್ರವಾದಿಯವರು (ಸ) ಮೊಮ್ಮಗಳು ಉಮಾಮಾರನ್ನು ಎತ್ತಿಕೊಂಡೇ ನಮಾಝ್ ನಿರ್ವಹಿಸಿದ ವಿಷಯ ಹದೀಸ್ ಗ್ರಂಥಗಳಲ್ಲಿರುವುದು ಆ ಬೆಂಚಿನವರಿಗೂ ಗೊತ್ತು. ಬೀದಿಯಲ್ಲಿ ಮಾತ್ರ ಅದು ನೆನಪಿಗೆ ಬರುವುದಿಲ್ಲ.

ಬೇಕು ಎಂದು ತೀರ್ಮಾನವಾದ ಮೇಲೆ ಎಂಥದು ಎಂಬ ಹುಡುಕಾಟ. ಮೊದಲು ಸಿಕ್ಕಿದ್ದು ನಮಗೆ ಬೇಡವಾದದ್ದು. ಅಂಗಡಿಯವರು ಬಂಡಿ ಎಂದರೆ ಪ್ಲಾಸ್ಟಿಕ್ಕಿನ ದುಂಡನೆಯ ವಾಕರ್ ತೋರಿಸುತ್ತಿದ್ದರು; ನಡುವೆ ಕೂಸನ್ನು ಇಳಿಬಿಡುವುದು, ಕೆಳಗೆ ಚಕ್ರ, ಮುಂದೆ ಹಾಡುವ ಗುಂಡಿಗಳು. ಇದರಿಂದ ಕೂಸು ಬೇಗ ನಡೆಯುವುದಿಲ್ಲ, ಹೊಸ್ತಿಲು ಮತ್ತು ಮೆಟ್ಟಿಲಿನಿಂದ ಉರುಳುತ್ತದೆ, ಬಿಸಿ ಚಹಾದ ಕಡೆಗೆ ಕ್ಷಣದಲ್ಲಿ ತಲುಪುತ್ತದೆ ಎಂದು ಮಕ್ಕಳ ವೈದ್ಯರು ಎಚ್ಚರಿಸುತ್ತಾರೆ. ಕೆನಡಾ ದೇಶ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ನಮ್ಮ ಬಡಗಿಗಳು ಮಾಡಿಕೊಡುವ ಮೂರು ಗಾಲಿಯ ಮರದ ನಡೆಬಂಡಿ, ಮರಾಠಿಯವರು ಪಾಂಗುಳಗಾಡಾ ಎನ್ನುವುದು, ಇದಕ್ಕಿಂತ ಬೇರೆ. ಅದರಲ್ಲಿ ಕೂಸು ತನ್ನ ಕಾಲ ಮೇಲೆ ತಾನೇ ನಿಂತು ತಳ್ಳುತ್ತದೆ. ಅದರ ಕಾಲ ಇನ್ನೂ ಬಂದಿರಲಿಲ್ಲ.

ನಿಜವಾದ ಕೂಸಿನ ಬಂಡಿಯ ಕಥೆ ಓದುತ್ತ ಹೋದರೆ ಅದು ಅರಮನೆಯಿಂದ ಆರಂಭವಾಗುತ್ತದೆ. 1733ರಲ್ಲಿ ವಿಲಿಯಂ ಕೆಂಟ್ ಎಂಬವರು ಇಂಗ್ಲೆಂಡಿನ ಡೆವನ್‌ಷೈರ್ ಡ್ಯೂಕನ ಮಕ್ಕಳಿಗಾಗಿ ಮಾಡಿದ ಬಂಡಿಯನ್ನು ಎಳೆಯಲು ಪ್ರಾಣಿಯನ್ನೇ ಹೂಡಬೇಕಿತ್ತು. 1889ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ವಿಲಿಯಂ ರಿಚರ್ಡ್‌ಸನ್ ಎಂಬ ಕರಿಯ ಕುಶಲಕರ್ಮಿ ಕೂಸಿನ ತೊಟ್ಟಿಲನ್ನು ತಿರುಗಿಸಿ ತಾಯಿಗೆ ಮುಖಮಾಡಿ ಇಡಬಹುದಾದ ಬಂಡಿಗೆ ಹಕ್ಕುಪತ್ರ ಪಡೆದರು. 1965ರಲ್ಲಿ ಓವೆನ್ ಮೆಕ್ಲಾರನ್ ಬಂದರು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಮಡಚುವ ಚಕ್ರಗಳ ಕೆಲಸ ಮಾಡಿದ್ದ ಈ ಇಂಜಿನಿಯರ್ ಅಜ್ಜನಾದ ಮೇಲೆ ಅದೇ ಬುದ್ಧಿಯನ್ನು ಮೊಮ್ಮಗುವಿನ ಬಂಡಿಗೆ ಹಚ್ಚಿದರು. ಛತ್ರಿಯಂತೆ ಮಡಚಿಕೊಳ್ಳುವ ಅಲ್ಯೂಮಿನಿಯಂ ಬಂಡಿ, ತೂಕ ಮೂರು ಕಿಲೋಗಿಂತ ಕಡಿಮೆ. ಮೊಬೈಲ್ ರಿಪೇರಿಯವರಿಗೆ ಇಂಥ ಸಂಗತಿ ಸಿಕ್ಕರೆ ಬಿಡುವರೇ? ನಮ್ಮಲ್ಲೊಬ್ಬರು ಆ ಕೀಲಿನ ಚಿತ್ರವನ್ನೇ ಒಂದು ಸಂಜೆ ಪೂರ್ತಿ ನೋಡುತ್ತ ಕುಳಿತಿದ್ದರು.

ಛೋಟೇ ಮಾಮೂಗೆ ಆ ಛತ್ರಿಬಂಡಿಯ ಮೇಲೆಯೇ ಮನಸ್ಸು. ವಿಮಾನದ ಸಾಮಾನಿನ ಭಾರಕ್ಕೂ ಅದು ಹೊಂದುತ್ತದೆ, ಬಸ್ಸಿಗೂ ಏರುತ್ತದೆ ಎಂಬುದು ಅವರ ವಾದ. ಬಸ್ಸಿನ ಮಾತು ಬಂದಾಗ ನಾವು ನಿಜವಾದ ಲೆಕ್ಕಕ್ಕೆ ಇಳಿದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುವುದು ಅಪರೂಪ. ಹೆಂಗಸರು ಹೊರಗೆ ಹೊರಟಿದ್ದಾರೆ, ಅದು ಸಂತೋಷದ ವಿಷಯವೇ. ಆದರೆ ಆ ಗದ್ದಲದಲ್ಲಿ ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಮಡಚಿದ ಬಂಡಿ, ಹೆಗಲಿಗೆ ಚೀಲ ಹಿಡಿದು ಮೆಟ್ಟಿಲು ಹತ್ತುವುದನ್ನು ಕಲ್ಪಿಸಿಕೊಳ್ಳಿ. ಬಸ್ಸಿಗೆ ಬಟ್ಟೆಯ ಜೋಳಿಗೆಯೇ ಸರಿ ಎಂದುಕೊಂಡೆವು. ಹಳೆಯ ಹತ್ತಿಯ ದುಪಟ್ಟಾದಲ್ಲಿ ಅಮ್ಮಿ ಒಂದನ್ನು ಹೊಲಿದುಕೊಟ್ಟರು. ಅದಕ್ಕೆ ನಿಯಮಗಳು ಕೆಲವೇ. ಕೂಸಿನ ಮುಖ ನಮಗೆ ಸದಾ ಕಾಣಬೇಕು, ಗದ್ದ ಎದೆಗೆ ಒತ್ತಿ ಉಸಿರು ಕಟ್ಟಬಾರದು, ಮೊಣಕಾಲು ಕುಂಡಿಗಿಂತ ಸ್ವಲ್ಪ ಮೇಲಿರಬೇಕು.

ಅಂದಮೇಲೆ ಬಂಡಿ ಬೇಕಾದದ್ದು ಊರೊಳಗೆ. ಒಂದು ಭಾನುವಾರ ಅಮ್ಮಿಯ ಹೊಲಿಗೆಯ ಟೇಪು ಹಿಡಿದು ಹೊರಟೆವು. ನಮ್ಮ ಬಾಗಿಲು ಇಪ್ಪತ್ತೇಳು ಇಂಚು. ಹೊಸ್ತಿಲು ಐದು ಇಂಚು ಎತ್ತರ. ಹೊರಗೆ ಕಲ್ಲು ಹಾಸಿದ ಓಣಿ, ನಡುವೆ ಒಂದೊಂದು ಕಡೆ ಎರಡು ಬೆರಳಗಲದ ಸಂದು. ಅಂಗೈಯಷ್ಟು ಚಿಕ್ಕ ಗಾಲಿ ಅಂಥ ಸಂದಿನಲ್ಲಿ ಸಿಕ್ಕಿದರೆ ಬಂಡಿ ನಿಲ್ಲುತ್ತದೆ, ತಳ್ಳುವವರು ನಿಲ್ಲುವುದಿಲ್ಲ, ಮುಗ್ಗರಿಸುವುದು ಕೂಸು. ಓಣಿ ದಾಟಿದರೆ ಕಾಂಕ್ರೀಟ್ ರಸ್ತೆ. ಅಲ್ಲಿ ಯಾವ ಗಾಲಿಯೂ ಓಡುತ್ತದೆ. ಮನೆಯಿಂದ ಆ ರಸ್ತೆಗೆ ನಲವತ್ತು ಹೆಜ್ಜೆ. ಅಂಗಡಿಯ ಹೊಳೆಯುವ ನೆಲದ ಮೇಲೆ ಬಂಡಿ ತಳ್ಳಿ ನೋಡಿ ಕೊಳ್ಳುವವರು ಈ ನಲವತ್ತು ಹೆಜ್ಜೆಯನ್ನು ನೋಡಿರುವುದಿಲ್ಲ.

ಇನ್ನೊಂದು ವಿಷಯ ನಮ್ಮನ್ನು ಬಹಳ ತಡೆದು ನಿಲ್ಲಿಸಿತು. ಹಗುರವಾದ ಛತ್ರಿಬಂಡಿಗಳಲ್ಲಿ ಸಾಮಾನ್ಯವಾಗಿ ಕೂಸಿನ ಮುಖ ರಸ್ತೆಯ ಕಡೆಗೆ, ಬೆನ್ನು ನಮ್ಮ ಕಡೆಗೆ. 2008ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸುಝನ್ ಝೀಡಿಕ್ ನಡೆಸಿದ ಅಧ್ಯಯನದ ಪ್ರಕಾರ, ಮುಖಾಮುಖಿ ಇರುವ ಬಂಡಿಯಲ್ಲಿ ತಾಯಂದಿರು ಕೂಸಿನೊಂದಿಗೆ ಆಡುವ ಮಾತು ದುಪ್ಪಟ್ಟು. ದಿನ ತುಂಬದೆ ಹುಟ್ಟಿ, ನಮ್ಮ ಮುಖ ನೋಡುತ್ತಲೇ ತೂಕ ಹೆಚ್ಚಿಸಿಕೊಂಡವಳನ್ನು ಬೆನ್ನು ತಿರುಗಿಸಿ ಕೂರಿಸಲು ನಮಗೆ ಮನಸ್ಸಾಗಲಿಲ್ಲ. ಮುಖಾಮುಖಿ ಬಂಡಿ ಭಾರ, ಸುಮಾರು ಎಂಟು ಕಿಲೋ. ಬಸ್ಸಿಗೆ ಒಯ್ಯುವುದಿಲ್ಲವಾದರೆ ಭಾರ ಇದ್ದರೇನು? ಮಾಮೂಗೆ ಬೇಡವೆಂದು ತಿಳಿಸಿದೆವು. ಅವರಿಗೆ ಬೇಸರವಾಯಿತು. ಪರದೇಶದಲ್ಲಿ ಒಂಟಿಯಾಗಿ ದುಡಿಯುವವರಿಗೆ ಉಡುಗೊರೆ ಕಳಿಸುವುದು ಮನೆಯೊಳಗೆ ಬಂದು ಕುಳಿತಂತೆ. ಕೊನೆಗೆ ಅವರಿಂದ ಒಂದು ಒಳ್ಳೆಯ ಸೊಳ್ಳೆಪರದೆ ತರಿಸಿಕೊಂಡು ಸಮಾಧಾನ ಮಾಡಿದೆವು.

ಬಂಡಿ ಸಿಕ್ಕಿದ್ದು ಕಲಬುರಗಿಯ ಪರಿಚಿತರ ಮನೆಯ ಅಟ್ಟದ ಮೇಲೆ. ಅವರ ಮಗ ಈಗ ಶಾಲೆಗೆ ಹೋಗುತ್ತಾನೆ. 1,500 ರೂಪಾಯಿ ಕೊಟ್ಟೆವು. ಹಳೆಯದನ್ನು ಕೊಳ್ಳುವವರು ನೋಡಬೇಕಾದದ್ದು ಬಣ್ಣವನ್ನಲ್ಲ. ಬ್ರೇಕ್ ಒತ್ತಿ ಇಳಿಜಾರಿನಲ್ಲಿ ನಿಲ್ಲಿಸಿ ನೋಡಬೇಕು. ಹೆಗಲಿಗೆ ಎರಡು, ಸೊಂಟಕ್ಕೆ ಎರಡು, ಕಾಲ ನಡುವೆ ಒಂದು, ಹೀಗೆ ಐದು ಕಡೆ ಕಟ್ಟುವ ಪಟ್ಟಿ ಗಟ್ಟಿಯಿರಬೇಕು. ಮಡಚುವ ಕೀಲಿನ ಸಂದಿನಲ್ಲಿ ಬೆರಳು ಹೋಗುವಂತಿರಬಾರದು. 2009ರಲ್ಲಿ ಅದೇ ಮೆಕ್ಲಾರನ್ ಹೆಸರಿನ ಕಂಪನಿ ಮಕ್ಕಳ ಬೆರಳ ತುದಿ ತುಂಡಾದ ಹನ್ನೆರಡು ದೂರುಗಳ ನಂತರ ಅಮೆರಿಕದಲ್ಲಿ ಮಾರಿದ್ದ ಸುಮಾರು ಹತ್ತು ಲಕ್ಷ ಬಂಡಿಗಳಿಗೆ ಕೀಲಿನ ಮುಚ್ಚಳ ಕೊಡಬೇಕಾಯಿತು. ಇನ್ನೂ ಕೂರಲು ಬಾರದ ಕೂಸಿಗಾದರೆ ಬೆನ್ನಿನ ಭಾಗ ಪೂರ್ತಿ ಚಪ್ಪಟೆ ಮಲಗುವಂತಿರಬೇಕು. ಹಿಡಿಕೆಗೆ ಭಾರದ ಚೀಲ ತೂಗುಹಾಕಿದರೆ ಬಂಡಿ ಹಿಂದಕ್ಕೆ ಮಗುಚುತ್ತದೆ. ನಮ್ಮ ಬೀದರ್ ಸೀಮೆಯ ಬೇಸಿಗೆಗೆ ಇನ್ನೊಂದು ಮಾತು ಸೇರಿಸಬೇಕು: ಬಿಸಿಲೆಂದು ಬಂಡಿಯ ಬಾಯಿಗೆ ಬಟ್ಟೆ ಮುಚ್ಚಬಾರದು. ಒಳಗೆ ಗಾಳಿಯಾಡದೆ ಕಾವು ಏರುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಗೆ ಒಯ್ಯದಿರುವುದೇ ಲೇಸು.

ಹೊಸ್ತಿಲಿಗೆ ಬಡಿಗೇರ ಕಾಕಾ ಒಂದು ಬೇವಿನ ಹಲಗೆಯನ್ನು ಇಳಿಜಾರಾಗಿ ಕೂರಿಸಿಕೊಟ್ಟರು. ಓಣಿಯ ಸಂದುಗಳಿಗೆ ಅರ್ಧ ಬುಟ್ಟಿ ಸಿಮೆಂಟು ಸಾಕಾಯಿತು. ಪಕ್ಕದ ಮನೆಯವರು ಮರಳು ಕೊಟ್ಟರು. ಅವರ ಸೊಂಟನೋವಿನ ಅವ್ವನೂ ಅದೇ ಓಣಿಯಲ್ಲಿ ನಡೆಯಬೇಕಲ್ಲ.

ಈ ಎಲ್ಲ ಲೆಕ್ಕದಲ್ಲಿ ನಾವು ಸೇರಿಸದೆ ಇದ್ದದ್ದು ದಾದಿಯನ್ನು. ಬಂಡಿ ಬಂದ ಮೂರನೆಯ ದಿನ ಅಸರ್ ನಮಾಝ್ ಮುಗಿಸಿ, ದುಪಟ್ಟಾ ಸರಿಮಾಡಿಕೊಂಡು, "ಕೂಸನ್ನು ಅದರಲ್ಲಿ ಕೂರಿಸಿ ನನ್ನ ಕೈಗೆ ಕೊಡಿ" ಎಂದರು. ಯಾರೂ ಮಾತಾಡಲಿಲ್ಲ. ಪಟ್ಟಿ ಕಟ್ಟಿ ಕೊಟ್ಟೆವು. ನಡುಗುವ ಕೈ ಹಿಡಿಕೆಯನ್ನು ಹಿಡಿದ ಮೇಲೆ ನಡುಗುತ್ತಿತ್ತೋ ಇಲ್ಲವೋ ಕಾಣಲಿಲ್ಲ. ಬಂಡಿಯ ಮೇಲೆ ಭಾರ ಹಾಕದಂತೆ ಅಮ್ಮಿ ಪಕ್ಕದಲ್ಲಿ ನಡೆದರು. ಕಾಂಕ್ರೀಟ್ ರಸ್ತೆಯಲ್ಲಿ ಕಿರಾಣಿ ಅಂಗಡಿಯವರೆಗೆ ಹೋಗಿ ಬರಲು ಅರ್ಧ ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ದಾದಿ ಮೊಮ್ಮಗನ ಮಗಳ ಮುಖ ನೋಡುತ್ತ, ಯಾವ ಮನೆ ಯಾರದು, ಯಾರ ಮದುವೆ ಯಾವ ವರ್ಷ ಆಯಿತು ಎಂದು ಹೇಳುತ್ತಲೇ ಇದ್ದರಂತೆ. ಏಳು ತಿಂಗಳಲ್ಲಿ ಅವರು ಕೂಸಿನೊಂದಿಗೆ ಇಷ್ಟು ಹೊತ್ತು ಇದ್ದದ್ದು ಇದೇ ಮೊದಲು.

ಈಗ ಸಂಜೆಯ ಪಾಳಿ ಅವರದೇ. ಹೋಟೆಲಿನ ಬೆಂಚಿನವರು ದಾದಿಗೆ ಎದ್ದು ಸಲಾಂ ಹೇಳುತ್ತಾರೆ, ಕೆಮ್ಮುವುದಿಲ್ಲ. ಬಂಡಿಯ ಮುಂದಿನ ಬಲಗಾಲಿ ಕಿರುಗುಟ್ಟಲು ಆರಂಭಿಸಿದೆ. ಅಮ್ಮಿ ಹೊಲಿಗೆ ಯಂತ್ರದ ಎಣ್ಣೆಯನ್ನೇ ಎರಡು ಹನಿ ಬಿಡುತ್ತಾರೆ, ವಾರ ಕಳೆದರೆ ಮತ್ತೆ ಅದೇ ಸದ್ದು. ಆ ಸದ್ದು ಕೇಳಿದರೆ ಓಣಿಯ ಹುಡುಗರು ತಮ್ಮ ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ ದಾರಿ ಬಿಡುತ್ತಾರೆ.