ದೇವಬಂದಿನ ದಾಳಿಂಬೆಯ ನೆರಳು

ದೆಹಲಿಯಿಂದ ಮೀರತ್, ಮುಜಫರನಗರಗಳನ್ನು ಹಾದು ಸಹಾರನಪುರದತ್ತ ಸಾಗುವ ರೈಲಿನಲ್ಲಿ ಕುಳಿತವನ ಕಣ್ಣಿಗೆ ಬಹುದೂರದವರೆಗೆ ಕಬ್ಬಿನ ಹೊಲಗಳೇ ಕಾಣುತ್ತವೆ. ಆ ಹಸುರಿನ ನಡುವೆ ದೇವಬಂದ್ ಎಂಬ ಪಟ್ಟಣ. ಇಲ್ಲಿ ತ್ರಿಪುರ ಬಾಲಾಸುಂದರಿಯ ಗುಡಿಯೊಂದಿದೆ. ‘ದೇವಿವನ’ವೇ ದೇವಬಂದ್ ಆಯಿತೆಂದು ಹೇಳುವವರುಂಟು. ಆದರೆ ಊರಿನ ಹೆಸರನ್ನು ಕಾಬೂಲಿಗೂ ದಕ್ಷಿಣ ಆಫ್ರಿಕಕ್ಕೂ ಒಯ್ದದ್ದು ದಾರುಲ್ ಉಲೂಮ್, ಎಂದರೆ ವಿದ್ಯೆಗಳ ಮನೆ.

1866ರಲ್ಲಿ ಇಲ್ಲಿಯ ಛತ್ತಾ ಮಸೀದಿಯ ಅಂಗಳದ ದಾಳಿಂಬೆ ಗಿಡದಡಿ ಒಬ್ಬ ಗುರು, ಒಬ್ಬ ಶಿಷ್ಯ ಕುಳಿತು ಪಾಠ ತೊಡಗಿದರೆಂದು ಐತಿಹ್ಯ. ಇಬ್ಬರ ಹೆಸರೂ ಮಹಮೂದ್! 1857ರ ದಂಗೆ ಎದ್ದು ಒಂಬತ್ತು ವರ್ಷಗಳಾಗಿದ್ದವು. ದೆಹಲಿಯ ಕೊನೆಯ ಬಾದಶಹ ರಂಗೂನಿನ ಮಣ್ಣು ಸೇರಿದ್ದ. ರಾಜ್ಯವಂತೂ ಹೋಯಿತು, ಧರ್ಮವಿದ್ಯೆಯಾದರೂ ಉಳಿಯಲೆಂದು ಮೌಲಾನಾ ಮುಹಮ್ಮದ್ ಕಾಸಿಮ್ ನಾನೌತವಿ ಮೊದಲಾದವರು ಹಂಬಲಿಸಿದರು. ಸರ್ಕಾರದ ಹಂಗು ಬೇಡ, ಜನಸಾಮಾನ್ಯರ ಚಂದಾ ಸಾಕು ಎಂಬುದು ಅವರ ನಿಯಮ.

ಊಟ, ವಸತಿ, ಪಾಠ ಎಲ್ಲವೂ ಧರ್ಮಾರ್ಥ. ಬಡವರ ಮನೆಯ ಹುಡುಗನಿಗೆ ಇದು ಸಣ್ಣ ಮಾತಲ್ಲ. ಅಸ್ಸಾಮಿನಿಂದ, ಬಂಗಾಳದಿಂದ, ನಮ್ಮ ಕರ್ನಾಟಕದಿಂದಲೂ ಹುಡುಗರು ಬರುತ್ತಾರೆ. ಪಾಠವೆಲ್ಲ ಉರ್ದುವಿನಲ್ಲಿ. ದಖನಿಯಲ್ಲಿ ಬೆಳೆದವನು ‘ಬೇಡ’ ಎನ್ನಲು ‘ನಕ್ಕೋ’ ಎಂದರೆ ಉತ್ತರದ ಗೆಳೆಯರಿಗೆ ನಗು ಬಾರದಿರದು. ಅರಬ್ಬಿ ವ್ಯಾಕರಣ, ತರ್ಕ, ಧರ್ಮಶಾಸ್ತ್ರಗಳನ್ನು ದಾಟಿ ಕೊನೆಯ ವರ್ಷ ಹದೀಸಿನ ವಿಶಾಲ ತರಗತಿಗೆ ಬರುವಷ್ಟರಲ್ಲಿ ಆ ನಗು ಮರೆತಿರುತ್ತದೆ. ಹೊರಬೀಳುವಾಗ ಸ್ಥಾಪಕರ ನೆನಪಿಗೆಂದು ತನ್ನ ಹೆಸರಿನ ಮುಂದೆ ‘ಕಾಸ್ಮಿ’ ಎಂದು ಸೇರಿಸಿಕೊಳ್ಳುತ್ತಾನೆ. ಹುಟ್ಟಿದೂರು, ಮನೆತನಗಳಿಗಿಂತ ಗಟ್ಟಿಯಾದ ಗುರುತು ಅದು.

ಆ ಗುರುತಿನೊಡನೆ ಲೋಕದಲ್ಲಿ ಎತ್ತ ನಡೆಯಬೇಕು? ಈ ಪ್ರಶ್ನೆ ಹೊಸದಲ್ಲ. ದಾಳಿಂಬೆಯಡಿ ಕುಳಿತ ಆ ಶಿಷ್ಯ ಮಹಮೂದ್ ಹಸನ್, ಮುಂದೆ ಅದೇ ವಿದ್ಯಾಲಯದ ಮುಖ್ಯ ಗುರುಗಳಾದರು. ಬ್ರಿಟಿಷರ ವಿರುದ್ಧ ಹೂಡಿದ ಸಂಚಿಗಾಗಿ ಮಾಲ್ಟಾ ದ್ವೀಪದಲ್ಲಿ ಸೆರೆಯಲ್ಲಿದ್ದರು. ಬಿಡುಗಡೆಯಾಗಿ ಬಂದು 1920ರ ಅಕ್ಟೋಬರಿನಲ್ಲಿ, ರೋಗಜರ್ಜರಿತರಾಗಿ, ಅಲೀಗಢದಲ್ಲಿ ಜಾಮಿಯಾ ಮಿಲಿಯಾಕ್ಕೆ ಅಡಿಪಾಯವಿಟ್ಟರು. ಭಾಷಣವನ್ನು ಶಿಷ್ಯರೊಬ್ಬರು ಓದಬೇಕಾಯಿತು. ತಮ್ಮ ಎದೆಯ ನೋವನ್ನು ಅರಿತವರು ಮದರಸೆಗಳಿಗಿಂತ ಶಾಲೆ ಕಾಲೇಜುಗಳಲ್ಲೇ ಹೆಚ್ಚೆಂದು ಅವರು ಅದರಲ್ಲಿ ಒಪ್ಪಿದ್ದರು. ಮದರಸೆಯ ಮೊದಲ ವಿದ್ಯಾರ್ಥಿಯೇ ಈ ಮಾತನ್ನಾಡಬೇಕಾದರೆ ಎಷ್ಟು ನೊಂದಿರಬೇಕು! ತಿಂಗಳೊಪ್ಪತ್ತಿನಲ್ಲಿ ತೀರಿಕೊಂಡರು. ಅವರ ಶಿಷ್ಯರೂ ಒಂದೇ ದಾರಿ ಹಿಡಿಯಲಿಲ್ಲ: ಹುಸೇನ್ ಅಹಮದ್ ಮದನಿ ಹಿಂದೂ ಮುಸ್ಲಿಮರದು ಒಂದೇ ರಾಷ್ಟ್ರವೆಂದು 1938ರಲ್ಲಿ ವಾದಿಸಿದರೆ, ಶಬ್ಬೀರ್ ಅಹಮದ್ ಉಸ್ಮಾನಿ ಪಾಕಿಸ್ತಾನದ ಪಕ್ಷ ವಹಿಸಿದರು.

ಈಚಿನ ದಶಕಗಳಲ್ಲಿ ಓದು ಮುಗಿಸಿದ ಕೆಲವರಿಗೆ ಇಂಗ್ಲಿಷ್, ಗಣಕಯಂತ್ರಗಳ ಪಾಠವೂ ಇದೆ. ಆದರೂ ಎಂಟು ವರ್ಷಗಳ ಪಾಂಡಿತ್ಯಕ್ಕೆ ಕಚೇರಿಗಳಲ್ಲಿ ಬೆಲೆ ಕಡಮೆ. ಶಾಬಾನ್ ತಿಂಗಳ ಪರೀಕ್ಷೆ ಮುಗಿದು ರಜೆ ಬಂತೆಂದರೆ ಹುಡುಗರು ಪೆಟ್ಟಿಗೆ, ಹಾಸಿಗೆ ಸುರುಳಿಗಳೊಡನೆ ಊರಿಗೆ ಹೊರಡುತ್ತಾರೆ. ಓದು ಮುಗಿದ ಹಲವರಿಗೆ ಊರ ಮಸೀದಿಯ ಇಮಾಮತಿಯೋ ಎಳೆಯರಿಗೆ ಕುರಾನ್ ಕಲಿಸುವ ಕೆಲಸವೋ ಕಾದಿರುತ್ತದೆ. ಕೆಲವರು ಮಾತ್ರ ದೆಹಲಿಯಲ್ಲೇ ಇಳಿದು, ಈಗ ಅಲ್ಲಿಯೇ ನೆಲೆಸಿರುವ ಜಾಮಿಯಾದ ದಾರಿ ವಿಚಾರಿಸುತ್ತಾರೆ.