ಬಸಿಗಾಲುವೆಯ ತಿರುವು

ವಾರವಿಡೀ ಕೋಡು, ಕಾಲು, ಡೆಡ್‌ಲೈನು. ಶನಿವಾರ ಬಂತಂದ್ರೆ ಬಾಲ್ಕನಿಯಲ್ಲಿ ಜಲವರ್ಣದ ಪೆಟ್ಟಿಗೆ ಬಿಚ್ಚಿ ಕೂರ್ತೀನಿ. "ಮತ್ತೆ ಅದೇ ಲೋಟ, ಅದೇ ಬಾಳೆಹಣ್ಣಾ?" ಅಂತ ರೂಮ್‌ಮೇಟ್ ನಗ್ತಾನೆ. ಆಫೀಸಿನಲ್ಲಿ ರಿಕ್ವೈರ್‌ಮೆಂಟ್ ದಿನಕ್ಕೆರಡು ಸಲ ಬದಲಾಗುತ್ತೆ. ಲೋಟ ಇಟ್ಟಲ್ಲೇ ಇರುತ್ತೆ. ಅದೇ ನನಗೆ ಸಮಾಧಾನ.

ನಿಸರ್ಗಚಿತ್ರ ಅಂದ್ರೆ ಮಾತ್ರ ಭಯ. ನೋಡನೋಡ್ತಾ ಬೆಳಕು ಸರಿದುಬಿಡುತ್ತೆ. ಜಲವರ್ಣದಲ್ಲಿ ಬಿಳಿ ಬೇಕಂದ್ರೆ ಕಾಗದವನ್ನೇ ಖಾಲಿ ಬಿಡಬೇಕು. ಬಣ್ಣ ಹರಿದ ಮೇಲೆ ಅನ್‌ಡೂ ಇಲ್ಲ. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬಣ್ಣಗಳಲ್ಲಿ ಹಿಡಿದಿಟ್ಟ ರುಮಾಲೆ ಚನ್ನಬಸವಯ್ಯನವರ (1910–1988) ಚಿತ್ರ ನೋಡಿದಾಗೆಲ್ಲ ಹೊಟ್ಟೆಕಿಚ್ಚಾಗುತ್ತೆ.

ಕಳೆದ ಡಿಸೆಂಬರಿನಲ್ಲಿ ಅಪ್ಪಯ್ಯ ಫೋನ್ ಮಾಡಿದ್ರು. "ತೋಟ ಕೊಟ್ಟುಬಿಡೋಣ ಅಂತಿದೀನಿ ಮಾರಾಯ. ನೋಡ್ಕಳೋರು ಯಾರಿದಾರೆ?" ಆ ಪ್ರಶ್ನೆಗೆ ಉತ್ತರ ನಾನೇ ಆಗಬೇಕಿತ್ತು. ಏನೂ ಹೇಳಲಿಲ್ಲ. ಶುಕ್ರವಾರ ರಾತ್ರಿ ತೀರ್ಥಹಳ್ಳಿ ಬಸ್ಸು ಹತ್ತಿದೆ.

ಬೆಳಿಗ್ಗೆ ತೋಟದಲ್ಲಿ ಕೂತು ಮೂರು ಕಾಗದ ಹಾಳುಮಾಡಿದೆ. ಟ್ಯೂಬಿನ ಹಸಿರು ಪ್ಲಾಸ್ಟಿಕ್ ಥರ ಕಾಣ್ತಿತ್ತು. ನೀಲಿಗೆ ಹಳದಿ, ಚೂರು ಕಂದು ಬೆರೆಸಿದಾಗ ಬಣ್ಣವೇನೋ ಹತ್ತಿರ ಬಂತು, ತೋಟ ಬರಲಿಲ್ಲ. ಅಡಿಕೆ ಮರಗಳು ಕರೆಂಟ್ ಕಂಬದ ಹಾಗೆ ನಿಂತಿದ್ದವು. ಹುಟ್ಟಿದಾಗಿಂದ ಓಡಾಡಿದ ಜಾಗ, ಒಂದು ದಿನವೂ ಸರಿಯಾಗಿ ನೋಡಿಲ್ಲ ಅಂತ ಅವತ್ತು ಗೊತ್ತಾಯ್ತು.

ಹಿಂದಿನಿಂದ ಅಪ್ಪಯ್ಯ ಬಗ್ಗಿ ನೋಡಿದ್ರು. "ಬಸಿಗಾಲುವೆ ಇಷ್ಟು ನೇರ ಇಲ್ಲ ಮಾರಾಯ. ಆ ಹಲಸಿನ ಮರದ ಹತ್ರ ತಿರುಗುತ್ತೆ." ಆಮೇಲೆ ಒಂದು ಗಂಟೆ ತೋಟ ಸುತ್ತಿಸಿದ್ರು. ಯಾವ ಸಾಲು ಅಜ್ಜ ನೆಟ್ಟಿದ್ದು, ಯಾವುದು ನಾನು ಹುಟ್ಟಿದ ವರ್ಷದ್ದು, ಎಲ್ಲಾ ಹೇಳಿದ್ರು. ಕೊಡೋ ಮಾತು ಇಬ್ಬರೂ ಎತ್ತಲಿಲ್ಲ.

ಮಧ್ಯಾಹ್ನ ಜಗಲಿ ಮೇಲೆ ಅವರ ಹಾಳೆ ಟೊಪ್ಪಿ, ಮೆಟ್ಟುಗತ್ತಿ, ನಾಲ್ಕು ಹಣ್ಣಡಿಕೆ ಇಟ್ಕೊಂಡು ಕೂತೆ. ಟೊಪ್ಪಿಯ ಅಂಚಿಗೆ ಬೆವರು ಹಿಡಿದು ಕಪ್ಪಾಗಿತ್ತು. ಆ ಕಪ್ಪಿಗೆ ಬಣ್ಣ ಬೆರೆಸುವಾಗ ಕೈ ನಿಧಾನವಾಯ್ತು. ಅಲ್ಲಾಡದ ವಸ್ತು ಅಂತ ಸಮಾಧಾನಪಟ್ಟುಕೊಳ್ಳೋಕೆ ಈ ಸಲ ಆಗಲಿಲ್ಲ.

ಸಂಜೆಗೆ ಅರ್ಧ ಮುಗಿದಿತ್ತು. ಅಪ್ಪಯ್ಯ ಬಂದು ಮೆಟ್ಟಿಲ ಹತ್ರ ನಿಂತರು. "ತೋಟದ ಕಡೆ ಹೋಗಿ ಬರ್ತೀನಿ. ಟೊಪ್ಪಿ ತಗಳ್ಲಾ, ಇನ್ನೂ ಬೇಕಾ?"

"ತಗೊಳ್ಳಿ ಅಪ್ಪಯ್ಯ," ಅಂದೆ.

ಆ ಚಿತ್ರ ಇನ್ನೂ ಅರ್ಧದಲ್ಲೇ ಇದೆ. ತೋಟದ ಮಾತೂ ಅಷ್ಟೇ. ಈಗ ತಿಂಗಳಿಗೊಮ್ಮೆ ಊರಿಗೆ ಹೋಗ್ತೀನಿ. ಬಸಿಗಾಲುವೆಯ ತಿರುವು ಇನ್ನೂ ಸರಿಯಾಗಿ ಬಂದಿಲ್ಲ.